ನಾಲಿಗೆಯ ಮೇಲೆ ನಿಲ್ಲುವ ಮಾತು: ಘೋಷಣೆಯಿಂದ ಬೈಟ್‌ವರೆಗೆ

ರಾಜಕೀಯದಲ್ಲಿ ಆಡಿದ ಮಾತುಗಳಲ್ಲಿ ಬಹುಪಾಲು ಆಡಿದ ದಿನವೇ ಮುಗಿದುಹೋಗುತ್ತವೆ. ಬಜೆಟ್ ಭಾಷಣ, ಸದನದಲ್ಲಿ ಕೊಟ್ಟ ಉತ್ತರ, ಪ್ರಚಾರ ಸಭೆಯ ಮುಕ್ಕಾಲು ಗಂಟೆಯ ವಾಗ್ದಾಳಿ ಎಲ್ಲವೂ ಕಡತಕ್ಕೋ ಮರುದಿನದ ಪತ್ರಿಕೆಗೋ ಸೇರಿ ಮರೆಯಾಗುತ್ತವೆ. ಉಳಿದರೆ ಉಳಿಯುವುದು ನಾಲ್ಕಾರು ಪದಗಳ ಒಂದು ತುಣುಕು. ಅಂಥ ತುಣುಕುಗಳು ಹುಟ್ಟುವ ದಾರಿ ಮೂರು. ಬೇಕೆಂದೇ ಕಟ್ಟಿ ಜನರ ಮುಂದಿಡುವ ಮಾತು ಘೋಷಣೆ. ಉದ್ದನೆಯ ಭಾಷಣದಿಂದ ಕತ್ತರಿಸಿ ಪತ್ರಿಕೆಯೋ ಟೀವಿಯೋ ಎತ್ತಿಕೊಳ್ಳುವ ಮಾತು ಸುದ್ದಿಮನೆಯವರ ಬಾಯಲ್ಲಿ ಬೈಟ್. ಯಾರೂ ಕಟ್ಟದೆ, ಯಾರೂ ಕತ್ತರಿಸದೆ ಜನರೇ ಹೆಕ್ಕಿಕೊಂಡು ದಿನದ ಬಳಕೆಗೆ ತರುವ ಮಾತು ಮೂರನೆಯದು. ಈ ಮೂರೂ ಬಗೆಯ ಮಾತುಗಳು ಉಳಿಯುವುದು ಅವನ್ನು ಮತ್ತೆ ಮತ್ತೆ ಆಡುವವರ ಅಗತ್ಯದಿಂದ. ಮೊದಲು ಆಡಿದವರ ಹಿರಿಮೆಯ ಪಾಲು ಅದರಲ್ಲಿ ಕಡಿಮೆ. ಹೀಗೆ ಉಳಿದ ಮಾತನ್ನು ಜನ ಮುಂದೊಂದು ದಿನ ಆಡಿದವರ ಮುಂದೆಯೇ ಹಿಡಿದು ಲೆಕ್ಕ ಕೇಳುತ್ತಾರೆ. ಕರ್ನಾಟಕದ ಮತ್ತು ಭಾರತದ ಕೆಲವು ಉದಾಹರಣೆಗಳಿಂದ ಈ ಎರಡು ಸಂಗತಿಗಳನ್ನು ವಿವರಿಸುವುದು ಈ ಉಪನ್ಯಾಸದ ಉದ್ದೇಶ.

1. ಮಾತಿನ ಕಟ್ಟು

ನೆನಪಿನಲ್ಲಿ ನಿಲ್ಲುವ ಮಾತಿಗೆ ಒಂದು ಕಟ್ಟು ಇರುತ್ತದೆ. ಕನ್ನಡದಲ್ಲಿ ಈ ಕಟ್ಟಿನ ಹಳೆಯ ಮಾದರಿ ಗಾದೆ. 'ಕೈ ಕೆಸರಾದರೆ ಬಾಯಿ ಮೊಸರು' ಎಂಬಲ್ಲಿ ಎರಡು ಭಾಗಗಳು ಸರಿತೂಕದಲ್ಲಿವೆ. ಕೈಗೆ ಬಾಯಿ, ಕೆಸರಿಗೆ ಮೊಸರು ಜೋಡಿಯಾಗಿ ನಿಂತಿವೆ. ಕೊನೆಯ ಕ್ರಿಯಾಪದ ಉದುರಿಹೋಗಿದೆ. ಕೆಸರು, ಮೊಸರು ಎರಡೂ ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತುಗಳು. ದುಡಿಮೆ, ಪ್ರತಿಫಲ ಎಂಬ ಭಾವವಾಚಕಗಳಿಗೆ ಅಲ್ಲಿ ಜಾಗವಿಲ್ಲ. ರಾಜಕೀಯ ಘೋಷಣೆ ಕಟ್ಟುವವರು ಅರಿತೋ ಅರಿಯದೆಯೋ ಇದೇ ಕಟ್ಟನ್ನು ಬಳಸುತ್ತಾರೆ.

1942ರಲ್ಲಿ ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ ತಮ್ಮ ಊರನ್ನು ಸ್ವತಂತ್ರವೆಂದು ಸಾರಿದರು. ಆ ವರ್ಷದ ಸೆಪ್ಟೆಂಬರಿನ ಘರ್ಷಣೆಯಲ್ಲಿ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಸತ್ತರು. 1943ರ ಮಾರ್ಚ್‌ನಲ್ಲಿ ಊರಿನ ಐವರು ಗಲ್ಲಿಗೇರಿದರು. ಆ ಪ್ರಕರಣದ ವಿವರ ತಿಳಿಯದವರಿಗೂ 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂಬ ಮಾತು ಗೊತ್ತು. 'ಏಸೂರು', 'ಈಸೂರು' ಎಂಬ ಪದಗಳ ನಡುವೆ ಒಂದೇ ಸ್ವರದ ವ್ಯತ್ಯಾಸ. 'ಕೊಟ್ಟರೂ', 'ಕೊಡೆವು' ಒಂದೇ ಧಾತುವಿನ ಹೌದು ಮತ್ತು ಇಲ್ಲ. ಊರಿನ ಹೆಸರೇ ಪ್ರಾಸವಾಗಿ ಒದಗಿಬಂದದ್ದರಿಂದ ಮಾತಿನಿಂದ ಊರನ್ನು ಬಿಡಿಸಲು ಬರುವುದಿಲ್ಲ. ಅದೇ ವರ್ಷದ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಕನ್ನಡ ನಾಡಿನಲ್ಲಿ ಓಡಾಡಿದ 'ಮಾಡು ಇಲ್ಲವೇ ಮಡಿ' ಎಂಬ ಕರೆಯೂ ಎರಡು ಮಕಾರಗಳ ಬಲದಿಂದಲೇ ನಾಲಿಗೆಗೆ ಹತ್ತಿತು.

ಕಟ್ಟಿನ ಇನ್ನೊಂದು ಲಕ್ಷಣ, ಕೂಗಲು ಬರಬೇಕು ಎನ್ನುವುದು. ಕರ್ನಾಟಕದ ಯಾವ ಮೆರವಣಿಗೆಯಲ್ಲೂ ಕೇಳಿಬರುವ 'ಬೇಕೇ ಬೇಕು, ನ್ಯಾಯ ಬೇಕು' ಇದಕ್ಕೆ ಒಳ್ಳೆಯ ನಿದರ್ಶನ. ಮುಂದೆ ನಡೆಯುವವರೊಬ್ಬರು ಮೊದಲ ಅರ್ಧ ಕೂಗುತ್ತಾರೆ, ಹಿಂದಿನವರು ಎರಡನೆಯ ಅರ್ಧ ಸೇರಿಸುತ್ತಾರೆ. ಎರಡರ ಅಳತೆಯೂ ನಡಿಗೆಯ ಹೆಜ್ಜೆಗೆ ಹೊಂದುತ್ತದೆ. 'ನ್ಯಾಯ' ಎಂಬ ಜಾಗದಲ್ಲಿ ನೀರು, ಸಂಬಳ, ರಸ್ತೆ, ಹಾಸ್ಟೆಲ್ ಏನನ್ನು ಇಟ್ಟರೂ ಲಯ ಹೆಚ್ಚು ಕೆಡುವುದಿಲ್ಲ. ಕಾರ್ಮಿಕರು, ವಿದ್ಯಾರ್ಥಿಗಳು, ಅಂಗನವಾಡಿ ಕಾರ್ಯಕರ್ತೆಯರು ಎಲ್ಲರೂ ಇದನ್ನು ತಮ್ಮದಾಗಿಸಿಕೊಂಡಿದ್ದಾರೆ. ಇದನ್ನು ಕಟ್ಟಿದವರು ಯಾರೆಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ.

ಮಾತನ್ನು ಹೊರುವ ಸಾಧನವೂ ಕಟ್ಟನ್ನು ನಿರ್ಧರಿಸುತ್ತದೆ. ಗೋಡೆ ಬರಹದ ಕಾಲದಲ್ಲಿ ಎರಡು ಕಿಟಕಿಗಳ ನಡುವೆ ಹಿಡಿಸುವಷ್ಟೇ ಅಕ್ಷರಗಳಿಗೆ ಅವಕಾಶವಿತ್ತು. ಮೈಕ್ ಕಟ್ಟಿದ ಜೀಪು ಊರಿನ ಬೀದಿ ದಾಟುವಷ್ಟರಲ್ಲಿ ಹೇಳಬೇಕಾದ್ದನ್ನು ಹೇಳಿ ಮುಗಿಸಬೇಕಿತ್ತು. 1981ರಲ್ಲಿ ಕರ್ನಾಟಕದಲ್ಲಿ ಬಹಿರಂಗ ಸ್ಥಳಗಳ ವಿರೂಪ ತಡೆಯುವ ಕಾಯ್ದೆ ಬಂತು. 1990ರ ದಶಕದಲ್ಲಿ ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿ ಗೋಡೆ ಬರಹಕ್ಕೂ ಧ್ವನಿವರ್ಧಕಕ್ಕೂ ಕಡಿವಾಣ ಹಾಕಿದರು. ಘೋಷಣೆ ಅಲ್ಲಿಂದ ಟೀವಿ ಪರದೆಗೂ ಆಮೇಲೆ ಮೊಬೈಲಿಗೂ ಹೋಯಿತು. ಚಿಕ್ಕದಾಗಿರಬೇಕೆಂಬ ಕಟ್ಟಳೆ ಮಾತ್ರ ಎಲ್ಲಿಗೆ ಹೋದರೂ ಸಡಿಲವಾಗಲಿಲ್ಲ.

2. ಕಟ್ಟಿದವರು ಮತ್ತು ಹೆಸರು ಪಡೆದವರು

ಪ್ರಸಿದ್ಧ ಮಾತುಗಳನ್ನು ಅವುಗಳ ಕರ್ತೃವಿನ ಹೆಸರಿನಿಂದ ಗುರುತಿಸುವುದು ರೂಢಿ. ಸ್ವಾತಂತ್ರ್ಯ ಚಳವಳಿಯ ಘೋಷಣೆಗಳನ್ನು ನೋಡಿದರೆ ಈ ರೂಢಿ ಎಷ್ಟು ಸಡಿಲವೆಂದು ತಿಳಿಯುತ್ತದೆ. 'ಇಂಕ್ವಿಲಾಬ್ ಜಿಂದಾಬಾದ್' ಎಂದರೆ ನೆನಪಾಗುವುದು 1929ರ ಏಪ್ರಿಲ್ 8ರಂದು ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ ಬಾಂಬ್ ಎಸೆದ ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತ. ಆದರೆ ಅದನ್ನು ಕಟ್ಟಿದವರು ಉರ್ದು ಕವಿ ಹಸರತ್ ಮೊಹಾನಿ. 1942ರ 'ಕ್ವಿಟ್ ಇಂಡಿಯಾ' ಗಾಂಧೀಜಿಯ ಹೆಸರಿನಲ್ಲಿದೆ. ಆ ಎರಡು ಪದಗಳನ್ನು ಸೂಚಿಸಿದ ಶ್ರೇಯಸ್ಸು ಮುಂಬೈಯ ಸಮಾಜವಾದಿ ಯೂಸುಫ್ ಮೆಹರ್‌ಅಲಿ ಅವರದು. 1928ರಲ್ಲಿ ದೇಶದ ಉದ್ದಗಲಕ್ಕೂ ಮೊಳಗಿದ 'ಸೈಮನ್ ಗೋ ಬ್ಯಾಕ್' ಕೂಡ ಅವರದೇ ಎನ್ನುತ್ತಾರೆ.

ಕಟ್ಟಿದವರ ಹೆಸರು ಹಿಂದೆ ಸರಿದದ್ದರಿಂದ ಮಾತಿಗೆ ನಷ್ಟವಾಗಲಿಲ್ಲ. ಸೂಕ್ತ ಸನ್ನಿವೇಶ, ಆಡುವವರ ಮೇಲೆ ಜನ ಇಟ್ಟ ನಂಬಿಕೆ, ಆ ಹೊತ್ತಿನ ಅಗತ್ಯ ಮೂರೂ ಕೂಡಿದಾಗ ಮಾತು ಹರಡಿತು. 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ 'ಜೈ ಜವಾನ್ ಜೈ ಕಿಸಾನ್' ಎಂದಾಗ ದೇಶ ಒಂದು ಕಡೆ ಪಾಕಿಸ್ತಾನದೊಡನೆ ಯುದ್ಧದಲ್ಲಿತ್ತು, ಇನ್ನೊಂದು ಕಡೆ ಅಮೆರಿಕದ ಪಿಎಲ್ 480 ನೆರವಿನ ಗೋಧಿಗೆ ಕೈಚಾಚಿ ನಿಂತಿತ್ತು. ಗಡಿ ಮತ್ತು ಹೊಲ ಎಂಬ ಎರಡು ಚಿಂತೆಗಳನ್ನು ಆ ಮಾತು ನಾಲ್ಕು ಪದಗಳಲ್ಲಿ ಹಿಡಿಯಿತು. 1998ರ ಪೋಖ್ರಾನ್ ಪರೀಕ್ಷೆಯ ಬಳಿಕ ಅಟಲ್ ಬಿಹಾರಿ ವಾಜಪೇಯಿ ಅದಕ್ಕೆ 'ಜೈ ವಿಜ್ಞಾನ್' ಸೇರಿಸಿದರು. 2019ರಲ್ಲಿ ನರೇಂದ್ರ ಮೋದಿ 'ಜೈ ಅನುಸಂಧಾನ್' ಸೇರಿಸಿದರು. ಸೇರ್ಪಡೆಗಳು ಸಭೆ ಸಮಾರಂಭಗಳಲ್ಲಿ ಬಳಕೆಯಲ್ಲಿವೆ. ಜನರ ಬಾಯಲ್ಲಿ ಮಾತ್ರ ಮೂಲದ ಎರಡು ಜೈಕಾರಗಳೇ ಗಟ್ಟಿಯಾಗಿ ಉಳಿದಿವೆ.

3. ಕಾಗೋಡಿನಿಂದ ಕಾಯ್ದೆಯವರೆಗೆ

ಘೋಷಣೆಯೊಂದು ಕೂಗಿನಿಂದ ಕಾನೂನಿನವರೆಗೆ ನಡೆದುಬಂದ ದಾರಿಯನ್ನು ಕರ್ನಾಟಕದಲ್ಲಿ ಹೆಜ್ಜೆ ಹೆಜ್ಜೆಯಾಗಿ ಗುರುತಿಸಬಹುದು. 1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ರೈತರ ಸತ್ಯಾಗ್ರಹ ಶುರುವಾಯಿತು. ತಕ್ಷಣದ ತಕರಾರು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಬಗ್ಗೆ. ಜಮೀನಿನ ಒಡೆಯರು ಹಿಡಿಯುವ ಕೊಳಗ ನ್ಯಾಯದ ಅಳತೆಗಿಂತ ದೊಡ್ಡದು ಎಂಬುದು ರೈತರ ದೂರು. ಎಚ್. ಗಣಪತಿಯಪ್ಪ ರೈತರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಜೊತೆಗೂಡಿದರು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಮೇಲೆ ಕಾಗೋಡಿನ ಹೆಸರು ದೇಶಕ್ಕೆ ತಿಳಿಯಿತು.

ಕೊಳಗದ ಜಗಳ ಒಂದು ಊರಿನದು. 'ಉಳುವವನೇ ಹೊಲದೊಡೆಯ' ಎಂಬ ಘೋಷಣೆ ಆ ಜಗಳವನ್ನು ಊರಿನಿಂದ ಎತ್ತಿ ನಾಡಿನ ಪ್ರಶ್ನೆಯಾಗಿಸಿತು. ಎರಡೇ ಪದ, ಕ್ರಿಯಾಪದವಿಲ್ಲ. ಒತ್ತು ಕೊಡುವ 'ಏ' ಎಂಬ ಪ್ರತ್ಯಯದಲ್ಲಿ ವಾದವೆಲ್ಲ ಅಡಗಿದೆ: ಬೇರೆ ಯಾರೂ ಒಡೆಯರಲ್ಲ. ಈ ಮಾತು ಎರಡು ದಶಕ ಸಮಾಜವಾದಿಗಳ ಸಭೆಗಳಲ್ಲಿ ಓಡಾಡಿತು. 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಅದಕ್ಕೆ ಕಾನೂನಿನ ರೂಪ ಸಿಕ್ಕಿತು. ಗೇಣಿಯಲ್ಲಿದ್ದ ಜಮೀನು ಸರ್ಕಾರಕ್ಕೆ ಸೇರಿ, ಸಾಗುವಳಿದಾರರು ಅರ್ಜಿ ಹಾಕಿ ಹಕ್ಕು ಪಡೆಯುವ ವ್ಯವಸ್ಥೆ ಬಂತು. ಅರ್ಜಿಯ ನಮೂನೆ 7ನೇ ನಂಬರಿನದು. ಅದನ್ನು ಕೊಡುವುದಕ್ಕೆ ಕರಾವಳಿ, ಮಲೆನಾಡಿನ ಜನ 'ಡಿಕ್ಲರೇಷನ್ ಹಾಕುವುದು' ಎಂದರು. ತಾಲ್ಲೂಕು ಮಟ್ಟದ ಭೂ ನ್ಯಾಯಮಂಡಳಿಯ ಮುಂದೆ ಒಡೆಯರೂ ಒಕ್ಕಲಿನವರೂ ಎದುರುಬದುರು ನಿಂತರು.

ಘೋಷಣೆಯ ಬಲದ ಜೊತೆಗೆ ಅದರ ಮಿತಿಯೂ ಇಲ್ಲಿ ಕಾಣುತ್ತದೆ. 'ಉಳುವವ' ಎಂಬ ಪದದೊಳಗೆ ಗೇಣಿದಾರನೂ ಇದ್ದ, ಅವನ ಹೊಲದಲ್ಲಿ ಕೂಲಿಗೆ ನೇಗಿಲು ಹಿಡಿಯುವ ಆಳೂ ಇದ್ದ. ಕೂಗುವಾಗ ಇಬ್ಬರೂ ಒಂದೇ. ಕಾನೂನು ಬರೆಯುವಾಗ ಇಬ್ಬರನ್ನೂ ಬೇರೆಬೇರೆಯಾಗಿ ನೋಡಬೇಕಾಯಿತು. ಹಕ್ಕು ಸಿಕ್ಕಿದ್ದು ಮುಖ್ಯವಾಗಿ ಗೇಣಿದಾರನಿಗೆ. ಗೇಣಿಯ ದಾಖಲೆಯೇ ಇಲ್ಲದ ಕೂಲಿಕಾರರಲ್ಲಿ ಬಹಳ ಮಂದಿ ಕೂಲಿಕಾರರಾಗಿಯೇ ಉಳಿದರು. ಚಿಕ್ಕ ಮಾತು ಹಲವರನ್ನು ಒಂದುಗೂಡಿಸುವುದು ಅವರ ನಡುವಿನ ಅಂತರವನ್ನು ಹೇಳದೆ ಬಿಡುವುದರಿಂದ. ಆ ಅಂತರ ಜಾರಿಯ ಹೊತ್ತಿಗೆ ಮೇಲೆ ಬರುತ್ತದೆ.

ಇದೇ ಮಾತು 2020ರಲ್ಲಿ ತಿರುಗುಬಾಣವಾಯಿತು. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವುದನ್ನು ತಡೆಯುತ್ತಿದ್ದ 79ಎ ಮತ್ತು 79ಬಿ ಕಲಮುಗಳನ್ನು ಆಗಿನ ರಾಜ್ಯ ಸರ್ಕಾರ ತೆಗೆದುಹಾಕಿದಾಗ ವಿರೋಧಿಸಿದವರು 'ಉಳ್ಳವನೇ ಒಡೆಯ' ಎಂದು ಹಳೆಯ ಘೋಷಣೆಯನ್ನು ತಿರುಚಿದರು. ಕೇಳಿದವರಿಗೆ ವಿವರಣೆ ಬೇಕಾಗಲಿಲ್ಲ. ಏಳು ದಶಕಗಳ ಹಿಂದಿನ ಮಾತು ಇನ್ನೂ ಕಿವಿಯಲ್ಲಿ ಇದ್ದುದರಿಂದಲೇ ಈ ಅಣಕಕ್ಕೆ ಮೊನಚು ಬಂತು. ರೈತ ಸಂಘದ ಚಳವಳಿಯ 'ರೈತ ಸಾಲಗಾರನಲ್ಲ, ಸರ್ಕಾರವೇ ಬಾಕಿದಾರ' ಎಂಬ ಘೋಷಣೆಯೂ ಇದೇ ಜಾತಿಯದು. ಸಾಲದ ಪುಸ್ತಕದಲ್ಲಿ ಎದುರುಬದುರು ಇರುವ ಎರಡು ಕಡೆಗಳನ್ನು ಅದು ಅದಲುಬದಲು ಮಾಡಿತು.

4. ಚುನಾವಣೆಯ ಮಾತು

ಚಳವಳಿಯ ಘೋಷಣೆ ವರ್ಷಗಟ್ಟಲೆ ಬೆಳೆಯುತ್ತದೆ. ಚುನಾವಣೆಯ ಘೋಷಣೆಗೆ ಸಿಗುವುದು ಕೆಲವು ವಾರ. ಆದ್ದರಿಂದ ಅದು ಎದುರಾಳಿಯ ಮಾತನ್ನೇ ಹಿಡಿದು ಮೇಲೇರಲು ನೋಡುತ್ತದೆ. 1971ರ ಲೋಕಸಭಾ ಚುನಾವಣೆಯಲ್ಲಿ ವಿರೋಧ ಪಕ್ಷಗಳ ಒಕ್ಕೂಟದ ಕೂಗು 'ಇಂದಿರಾ ಹಟಾವೋ'. ಇಂದಿರಾ ಗಾಂಧಿ ಅದೇ ಕ್ರಿಯಾಪದವನ್ನು ಇಟ್ಟುಕೊಂಡು ಕರ್ಮಪದವನ್ನಷ್ಟೇ ಬದಲಿಸಿ 'ಗರೀಬಿ ಹಟಾವೋ' ಎಂದರು. ತಮ್ಮನ್ನು ತೆಗೆಯಲು ಬಂದವರು ಬಡತನ ತೆಗೆಯುವುದಕ್ಕೆ ಅಡ್ಡ ಬಂದವರು ಎಂಬ ಅರ್ಥ ತಾನಾಗಿ ಹುಟ್ಟಿತು. ಅವರ ಪಕ್ಷಕ್ಕೆ 352 ಸ್ಥಾನಗಳು ಬಂದವು. ಬಡತನದ ಅಂಕಿಅಂಶ ಹೊರಬಂದಾಗಲೆಲ್ಲ ಆ ಎರಡು ಪದಗಳನ್ನು ಎತ್ತಿ ಆಡುವುದು ವಿರೋಧಿಗಳಿಗೆ ಸುಲಭವಾಗಿಯೂ ಉಳಿಯಿತು.

1978ರ ನವೆಂಬರಿನ ಚಿಕ್ಕಮಗಳೂರು ಉಪಚುನಾವಣೆ ಬೇರೆ ಬಗೆಯ ಪಾಠ. ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಕ್ಷೇತ್ರದಲ್ಲಿ ಇಂದಿರಾ ಗಾಂಧಿ ನಿಂತರು. ಎದುರು ಜನತಾ ಪಕ್ಷದಿಂದ ವೀರೇಂದ್ರ ಪಾಟೀಲರು. 'ಏಕ್ ಶೇರ್ನಿ ಸೌ ಲಂಗೂರ್, ಚಿಕ್‌ಮಗಳೂರ್ ಭಾಯಿ ಚಿಕ್‌ಮಗಳೂರ್' ಎಂಬ ಹಿಂದಿ ಘೋಷಣೆ ಆಗ ದೇಶದಲ್ಲೆಲ್ಲ ಕೇಳಿಬಂತು. ಹೆಣ್ಣುಸಿಂಹ ಒಂದು, ಮುಸುವ ನೂರು ಎಂಬ ಚಿತ್ರದ ಜೊತೆ ಊರಿನ ಹೆಸರನ್ನು ಪ್ರಾಸಕ್ಕೆ ಸೇರಿಸಲಾಗಿತ್ತು. ಈ ಪ್ರಾಸ ಕೂಡುವುದು ಊರಿನ ಹೆಸರನ್ನು ಹಿಂದಿಯವರು ಉಚ್ಚರಿಸುವ ರೀತಿಯಲ್ಲಿ ಉಚ್ಚರಿಸಿದಾಗ. ಕನ್ನಡಿಗರ ಬಾಯಲ್ಲಿ ಚಿಕ್ಕಮಗಳೂರು ಉಕಾರದಲ್ಲಿ ಮುಗಿಯುತ್ತದೆ. ಕಾಫಿ ತೋಟದ ಮತದಾರರಿಗಿಂತ ಉತ್ತರದ ಕೇಳುಗರಿಗೆ ಆ ಮಾತು ಹೆಚ್ಚು ಹೊಂದುತ್ತಿತ್ತು. ಒಂದು ಕ್ಷೇತ್ರದ ಫಲಿತಾಂಶವನ್ನು ದೇಶದ ತೀರ್ಪಿನಂತೆ ತೋರಿಸುವ ಕೆಲಸವನ್ನು ಅದು ಮಾಡಿತು.

ಘೋಷಣೆ ಕೈಕೊಟ್ಟ ಪ್ರಸಂಗ 2004ರದು. ಕೇಂದ್ರದ ಎನ್‌ಡಿಎ ಸರ್ಕಾರ ಜಾಹೀರಾತು ಸಂಸ್ಥೆಯ ನೆರವಿನಿಂದ 'ಇಂಡಿಯಾ ಶೈನಿಂಗ್' ಪ್ರಚಾರ ನಡೆಸಿತು. ಮಾತು ಚಿಕ್ಕದಾಗಿತ್ತು, ಸದ್ದೂ ಚೆನ್ನಾಗಿತ್ತು. ಆದರೆ ಅದು ಕೇಳುಗರನ್ನು ಏನನ್ನೂ ಮಾಡಲು ಕರೆಯಲಿಲ್ಲ, ಅವರ ಪರವಾಗಿ ಏನನ್ನೂ ಕೇಳಲಿಲ್ಲ. ಅವರ ಬದುಕಿನ ಬಗ್ಗೆ ಒಂದು ತೀರ್ಮಾನವನ್ನು ಅವರಿಗೇ ಹೇಳಿತು. ಆ ತೀರ್ಮಾನ ತಮ್ಮ ಮನೆಗೆ ಹೊಂದುತ್ತದೆಯೇ ಎಂದು ಪ್ರತಿಯೊಬ್ಬರೂ ನೋಡಿಕೊಳ್ಳಬಹುದಿತ್ತು. ಚುನಾವಣೆಯಲ್ಲಿ ಬಿಜೆಪಿ 138 ಸ್ಥಾನಕ್ಕೆ ಇಳಿಯಿತು, 145 ಸ್ಥಾನ ಪಡೆದ ಕಾಂಗ್ರೆಸ್ ಮಿತ್ರಪಕ್ಷಗಳ ಜೊತೆ ಸರ್ಕಾರ ರಚಿಸಿತು. ಸೋಲಿಗೆ ಘೋಷಣೆಯೊಂದೇ ಕಾರಣವೆನ್ನಲಾಗದು. ಸೋಲಿನ ಬಗ್ಗೆ ಬರೆದವರೆಲ್ಲ ಮೊದಲು ಎತ್ತಿಕೊಂಡದ್ದು ಮಾತ್ರ ಆ ಎರಡು ಪದಗಳನ್ನೇ.

2023ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಐದು ಭರವಸೆಗಳಿಗೆ 'ಗ್ಯಾರಂಟಿ' ಎಂದು ಹೆಸರಿಟ್ಟಿತು. ಅಂಗಡಿಯಲ್ಲಿ ಫ್ಯಾನು, ಮಿಕ್ಸಿ ಕೊಳ್ಳುವಾಗ ಕೇಳುವ ಪದ ಅದು. ಕೆಟ್ಟರೆ ವಾಪಸು ತಂದು ಕೇಳುವ ಹಕ್ಕನ್ನು ಒಳಗಿಟ್ಟುಕೊಂಡಿರುವ ಪದ. 'ನನಗೂ ಫ್ರೀ, ನಿನಗೂ ಫ್ರೀ' ಎಂಬ ಧಾಟಿಯ ಸಿದ್ದರಾಮಯ್ಯನವರ ಭಾಷಣದ ತುಣುಕು ಮೊಬೈಲುಗಳಲ್ಲಿ ಹರಿದಾಡಿತು. ಪಕ್ಷ 135 ಸ್ಥಾನ ಗೆದ್ದಿತು. ಸರ್ಕಾರದ ಆದೇಶ ಹೊರಡುವ ಮೊದಲೇ ಕೆಲವು ಊರುಗಳಲ್ಲಿ ಜನ ಕರೆಂಟ್ ಬಿಲ್ ಕಟ್ಟುವುದಿಲ್ಲವೆಂದು ಮೀಟರ್ ರೀಡರುಗಳನ್ನು ವಾಪಸು ಕಳಿಸಿದ್ದು ಸುದ್ದಿಯಾಯಿತು. 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಎಂಬ ಮಿತಿ ಭರವಸೆಯಲ್ಲೇ ಇತ್ತು, ಹಿಂದಿನ ಸರಾಸರಿ ಬಳಕೆಯ ಷರತ್ತು ಆಮೇಲೆ ಬಂತು. ಮತದಾರರು ಹಿಡಿದುಕೊಂಡದ್ದು ಷರತ್ತಿಲ್ಲದ ಚಿಕ್ಕ ಮಾತನ್ನು.

5. ಕತ್ತರಿಸಿದ ಮಾತು

ಭಾಷಣದಿಂದ ಒಂದು ತುಣುಕನ್ನು ಬೇರ್ಪಡಿಸುವ ಕೆಲಸ ಟೀವಿಗಿಂತ ಹಳೆಯದು. 1973ರ ನವೆಂಬರಿನಲ್ಲಿ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಮಾತಾಡುತ್ತ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಎಂಬರ್ಥದ ಮಾತು ಹೇಳಿದರು. ದಲಿತ ವಿದ್ಯಾರ್ಥಿಗಳು ಇಂಗ್ಲಿಷ್ ಕಲಿತು ಮುಂದೆ ಬರಬೇಕೆಂಬುದು ಅವರ ಮಾತಿನ ಹಿನ್ನೆಲೆ. ಪತ್ರಿಕೆಗಳಲ್ಲಿ, ಬೀದಿಯಲ್ಲಿ ಉಳಿದದ್ದು ಒಂದೇ ಪದ. ರಾಜ್ಯದ ಹಲವೆಡೆ ಪ್ರತಿಭಟನೆ, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳು ನಡೆದವು. ಬಸವಲಿಂಗಪ್ಪ ರಾಜೀನಾಮೆ ಕೊಟ್ಟರು. ಅದೇ 'ಬೂಸಾ ಪ್ರಕರಣ' ದಲಿತ ತರುಣರು ಒಂದಾಗಲು, ಮುಂದೆ ದಲಿತ ಸಂಘರ್ಷ ಸಮಿತಿ ರೂಪುಗೊಳ್ಳಲು ಕಾರಣಗಳಲ್ಲೊಂದಾಯಿತು. ಒಂದೇ ಪದ ಒಂದು ಕಡೆಯವರಿಗೆ ಅವಮಾನವಾಗಿ, ಇನ್ನೊಂದು ಕಡೆಯವರಿಗೆ ಕಣ್ಣು ತೆರೆಸಿದ ಮಾತಾಗಿ ಚರಿತ್ರೆಗೆ ಸೇರಿತು.

ಟೀವಿ ಈ ಕತ್ತರಿ ಕೆಲಸವನ್ನು ದಿನದ ಕಸುಬಾಗಿಸಿತು. ಅಮೆರಿಕದಲ್ಲಿ ಇದನ್ನು ಅಳೆದು ನೋಡಿದ್ದಾರೆ. 1968ರ ಅಧ್ಯಕ್ಷೀಯ ಚುನಾವಣೆಯ ಕಾಲಕ್ಕೆ ಸಂಜೆಯ ಸುದ್ದಿಯಲ್ಲಿ ಅಭ್ಯರ್ಥಿಯ ಮಾತನ್ನು ನಡುವೆ ತಡೆಯಿಲ್ಲದೆ ಕೇಳಿಸುತ್ತಿದ್ದ ಅವಧಿ ಸರಾಸರಿ 42 ಸೆಕೆಂಡು. 1988ರ ಹೊತ್ತಿಗೆ ಅದು 10 ಸೆಕೆಂಡಿಗೂ ಕಡಿಮೆಯಾಗಿತ್ತು. ಕನ್ನಡದಲ್ಲಿ ದಿನವಿಡೀ ಸುದ್ದಿ ಬಿತ್ತರಿಸುವ ಖಾಸಗಿ ವಾಹಿನಿಗಳು ಹೆಚ್ಚಿದ್ದು 2000ದ ದಶಕದ ನಡುಭಾಗದಿಂದ. ಸಭೆ ಮುಗಿಸಿ ಹೊರಬರುವ ಸಚಿವರ ಮುಂದೆ ಬಣ್ಣಬಣ್ಣದ ಲೋಗೊ ಹಾಕಿದ ಮೈಕುಗಳು ಒಟ್ಟಿಗೆ ಚಾಚಿಕೊಳ್ಳುತ್ತವೆ, 'ಸಾರ್, ಒಂದೇ ಒಂದು ಬೈಟ್' ಎಂಬ ಕೋರಿಕೆ ಬರುತ್ತದೆ. ಹತ್ತು ನಿಮಿಷದ ಉತ್ತರದಲ್ಲಿ ಎಡಿಟರ್ ಹುಡುಕುವುದು ತನ್ನಷ್ಟಕ್ಕೆ ಅರ್ಥ ಕೊಡುವ, ಉಸಿರು ಮುಗಿಯುವಲ್ಲಿ ಕತ್ತರಿಸಬಹುದಾದ ಒಂದು ವಾಕ್ಯವನ್ನು. 'ಆದರೆ', 'ಒಂದು ವೇಳೆ' ಎಂದು ಶುರುವಾಗುವ ವಾಕ್ಯಗಳು ಹೊರಗೇ ಉಳಿಯುತ್ತವೆ. ಪಳಗಿದ ರಾಜಕಾರಣಿ ಇದನ್ನು ಬಲ್ಲ. ಕೇಳಿದ ಪ್ರಶ್ನೆ ಏನೇ ಇರಲಿ, ಕತ್ತರಿಸಲು ಬರುವಂಥ ವಾಕ್ಯವನ್ನೇ ಹೇಳಿ ನಡೆದುಬಿಡುತ್ತಾನೆ.

6. ಜನರು ಹೆಕ್ಕಿಕೊಂಡ ಮಾತು

ಮೂರನೆಯ ಬಗೆಯ ಮಾತು ಯಾರ ಯೋಜನೆಗೂ ಒಳಪಡುವುದಿಲ್ಲ. 'ಜಾಗ್ವಾರ್' ಚಿತ್ರಕ್ಕೆ ಸಂಬಂಧಿಸಿದ ಸಮಾರಂಭದಲ್ಲಿ ಎಚ್.ಡಿ. ಕುಮಾರಸ್ವಾಮಿ ವೇದಿಕೆಯಿಂದ ಮಗನನ್ನು 'ನಿಖಿಲ್ ಎಲ್ಲಿದ್ದೀಯಪ್ಪಾ' ಎಂದು ಕರೆದಿದ್ದರು. ತಂದೆ ಮಗನನ್ನು ಕರೆದ ಆ ಸಾದಾ ಮಾತು ಆಗ ಯಾರ ಗಮನಕ್ಕೂ ಬರಲಿಲ್ಲ. 2019ರಲ್ಲಿ ನಿಖಿಲ್ ಮಂಡ್ಯ ಲೋಕಸಭಾ ಕ್ಷೇತ್ರದಿಂದ ನಿಂತಾಗ ಹಳೆಯ ವಿಡಿಯೊ ಮೇಲೆ ಬಂತು. ಕುಟುಂಬ ರಾಜಕಾರಣದ ಬಗ್ಗೆ ಜನರಿಗೆ ಆಡಬೇಕಿದ್ದ ಟೀಕೆಗೆ ಅದು ಸಿದ್ಧ ರೂಪ ಒದಗಿಸಿತು. ಮದುವೆ ಮನೆಗಳಲ್ಲಿ, ಕಾಲೇಜುಗಳಲ್ಲಿ ಯಾರು ತಡವಾಗಿ ಬಂದರೂ ಅದೇ ಪ್ರಶ್ನೆ. ಚಿತ್ರದ ಶೀರ್ಷಿಕೆಯಾಗಿ ನೋಂದಾಯಿಸಲು ನಿರ್ಮಾಪಕರು ಮುಗಿಬಿದ್ದರು.

ಅದೇ ವರ್ಷದ ಡಿಸೆಂಬರ್ ಉಪಚುನಾವಣೆಯ ಪ್ರಚಾರದಲ್ಲಿ ಬೆಳಗಾವಿ ಜಿಲ್ಲೆಯ ಕಾಗವಾಡ ಕ್ಷೇತ್ರದಲ್ಲಿ ಸಿದ್ದರಾಮಯ್ಯ ಮಾತಾಡುವಾಗ ಸಭಿಕರೊಬ್ಬರು 'ಹೌದು ಹುಲಿಯಾ' ಎಂದು ಕೂಗಿದರು. ವೇದಿಕೆಯ ಮೇಲಿನ ಭಾಷಣ ಮರೆತುಹೋಯಿತು, ವೇದಿಕೆಯ ಕೆಳಗಿನ ಎರಡು ಪದ ರಾಜ್ಯವನ್ನೆಲ್ಲ ಸುತ್ತಿತು. ಉತ್ತರ ಕರ್ನಾಟಕದ ಮೆಚ್ಚುಗೆಯ ಧಾಟಿ ಮೈಸೂರು, ಬೆಂಗಳೂರುಗಳ ಬಾಯಿಗೂ ಹತ್ತಿತು. ಹೊಗಳಲೂ ಛೇಡಿಸಲೂ ಒಂದೇ ಮಾತು ಸಾಕಾಯಿತು. ಮಾತಿನ ಜನಪ್ರಿಯತೆ ಮತವಾಗಲಿಲ್ಲ. ಆ ಸುತ್ತಿನ 15 ಕ್ಷೇತ್ರಗಳಲ್ಲಿ ಬಿಜೆಪಿ 12ನ್ನು ಗೆದ್ದಿತು, ಕಾಗವಾಡವೂ ಅವುಗಳಲ್ಲೊಂದು.

ಹೆಸರಿಲ್ಲದ ಚಾಳಿಗೆ ಹೆಸರಿಡುವುದು ಇಂಥ ಮಾತುಗಳ ದೊಡ್ಡ ಉಪಯೋಗ. 1967ರಲ್ಲಿ ಹರಿಯಾಣದ ಶಾಸಕ ಗಯಾ ಲಾಲ್ ಒಂದು ಪಕ್ಷದಿಂದ ಇನ್ನೊಂದಕ್ಕೆ ಹದಿನೈದು ದಿನದೊಳಗೆ ಮೂರು ಸಲ ಜಿಗಿದಾಗ ಹುಟ್ಟಿದ 'ಆಯಾ ರಾಮ್ ಗಯಾ ರಾಮ್' ಪಕ್ಷಾಂತರಕ್ಕೆ ದೇಶದಾದ್ಯಂತ ಹೆಸರಾಯಿತು. 1985ರ 52ನೇ ತಿದ್ದುಪಡಿ ಪಕ್ಷಾಂತರವನ್ನು ನಿಷೇಧಿಸಿತು. 2008ರಲ್ಲಿ ಕರ್ನಾಟಕದಲ್ಲಿ 110 ಸ್ಥಾನ ಗೆದ್ದು ಬಹುಮತಕ್ಕೆ ಮೂರು ಕಡಿಮೆಯಿದ್ದ ಬಿಜೆಪಿ ಬೇರೆ ಪಕ್ಷದ ಶಾಸಕರಿಂದ ರಾಜೀನಾಮೆ ಕೊಡಿಸಿ ತನ್ನ ಚಿಹ್ನೆಯಲ್ಲಿ ಮತ್ತೆ ಗೆಲ್ಲಿಸಿಕೊಳ್ಳುವ ದಾರಿ ಹಿಡಿದಾಗ ಹಳೆಯ ಹೆಸರು ಹೊಂದಲಿಲ್ಲ. 'ಆಪರೇಷನ್ ಕಮಲ' ಬಳಕೆಗೆ ಬಂತು. ಶಾಸಕರನ್ನು ಕೂಡಿಹಾಕುವ ಪದ್ಧತಿ 'ರೆಸಾರ್ಟ್ ರಾಜಕಾರಣ'ವಾಯಿತು. ಕಾನೂನು ಗುರುತಿಸದ ನಡವಳಿಕೆಯನ್ನು ಜನ ಈ ಪದಗಳಿಂದ ಗುರುತಿಸಿದರು.

ಸರ್ಕಾರದ ಪ್ರಚಾರವೂ ಮನೆಮಾತಿಗೆ ತಿರುಗುವುದುಂಟು. ಕುಟುಂಬ ಯೋಜನೆಯ 'ಆರತಿಗೊಬ್ಬಳು ಕೀರ್ತಿಗೊಬ್ಬ' ಎಂಬ ಮಾತು ಇಂದಿಗೂ ಒಂದು ಹೆಣ್ಣು ಒಂದು ಗಂಡಿರುವ ಮನೆಯ ಬಗ್ಗೆ ಆಡುವ ಮೆಚ್ಚುಗೆ. ಸಂಸಾರ ಚಿಕ್ಕದಾಗಿರಲಿ ಎಂಬ ಹೊಸ ಬುದ್ಧಿವಾದ ಅದರಲ್ಲಿದೆ. ಆರತಿ ಹೆಣ್ಣಿಗೆ, ಕೀರ್ತಿ ಗಂಡಿಗೆ ಎಂಬ ಹಳೆಯ ಹಂಚಿಕೆಯೂ ಅದರಲ್ಲಿದೆ. ಪ್ರಾಸ ಹಿತವಾಗಿದ್ದರೆ ಒಳಗಿನ ಹಂಚಿಕೆಯನ್ನು ಯಾರೂ ಪ್ರಶ್ನಿಸದೆ ಬಿಡುತ್ತಾರೆ ಎಂಬುದಕ್ಕೆ ಇದು ಸಾಕ್ಷಿ.

7. ಮಾತನ್ನು ಒರೆಗೆ ಹಚ್ಚುವುದು

ಈ ಉದಾಹರಣೆಗಳಿಂದ ಕೇಳುಗರಿಗೆ ಮೂರು ಪ್ರಶ್ನೆಗಳು ಸಿಗುತ್ತವೆ. ಮೊದಲನೆಯದು, ಮಾತು ಯಾರನ್ನು ಒಳಗಿಟ್ಟುಕೊಂಡಿದೆ, ಯಾರ ನಡುವಿನ ಅಂತರವನ್ನು ಮುಚ್ಚಿದೆ? 'ಉಳುವವ' ಪದದೊಳಗಿನ ಗೇಣಿದಾರ ಮತ್ತು ಕೂಲಿಯವನನ್ನು ಬಿಡಿಸಿ ನೋಡುವುದು ಈ ಪ್ರಶ್ನೆಯಿಂದ ಸಾಧ್ಯ. ಎರಡನೆಯದು, ಅದು ಇಡಿಯಾಗಿ ಆಡಿದ ಮಾತೋ ಕತ್ತರಿಸಿದ ಮಾತೋ? ಕತ್ತರಿಸಿದ್ದಾದರೆ ಹಿಂದುಮುಂದಿನ ವಾಕ್ಯಗಳನ್ನು ಕೇಳದೆ ತೀರ್ಪು ಕೊಡಲಾಗದು. ಬೂಸಾ ಪ್ರಕರಣ ಇದನ್ನು ಕಲಿಸುತ್ತದೆ. ಮೂರನೆಯದು, ಮಾತು ನಿಜವಾಯಿತೇ ಎಂದು ಪರೀಕ್ಷಿಸಲು ಅದರಲ್ಲಿ ಏನಾದರೂ ಹಿಡಿ ಇದೆಯೇ? 'ಉಳುವವನೇ ಹೊಲದೊಡೆಯ' ಮತ್ತು 'ಗ್ಯಾರಂಟಿ'ಗಳನ್ನು ಪಹಣಿ ಹಿಡಿದು, ಬಿಲ್ ಹಿಡಿದು ಪರೀಕ್ಷಿಸಬಹುದು. ಸಿಂಹ, ಹುಲಿಗಳ ಮಾತನ್ನು ಹಾಗೆ ಪರೀಕ್ಷಿಸಲು ಬರುವುದಿಲ್ಲ. ಪರೀಕ್ಷಿಸಬಹುದಾದ ಮಾತು ಆಡಿದವರಿಗೆ ಹೊರೆಯಾಗುತ್ತದೆ, ಪರೀಕ್ಷಿಸಲು ಬಾರದ್ದು ಅವರಿಗೆ ಅಲಂಕಾರವಷ್ಟೇ ಆಗುತ್ತದೆ. ಹೊರೆಯಾಗುವ ಮಾತನ್ನು ಆಡುವಂತೆ ರಾಜಕಾರಣಿಗಳನ್ನು ಒತ್ತಾಯಿಸುವುದು, ಆಡಿದ ಮೇಲೆ ಅದನ್ನು ಮರೆಯದೆ ಎತ್ತಿ ಕೇಳುವುದು ಎರಡೂ ಮತದಾರರ ಕೈಯಲ್ಲಿವೆ.